ಮನೆಯ ನೀರಿನ ಮೋಟಾರಿನ ಸ್ವಯಂಚಾಲಿತ ನಿಯಂತ್ರಣ

ಮನೆಯ ನೀರಿನ ಮೋಟಾರಿನ ಸ್ವಯಂಚಾಲಿತ ನಿಯಂತ್ರಣ ಎಂದರೆ ನೆಲದಡಿಯ ಸಂಪು ಹಾಗೂ ತಾರಸಿಯ ಟ್ಯಾಂಕಿನಲ್ಲಿರುವ ನೀರಿನ ಮಟ್ಟವನ್ನು ಅಳೆದು, ಮೋಟಾರನ್ನು ತಾನಾಗಿಯೇ ಚಾಲನೆಗೊಳಿಸುವ ಮತ್ತು ನಿಲ್ಲಿಸುವ ವ್ಯವಸ್ಥೆ. ಇದು ಗೃಹ ಸ್ವಯಂಚಾಲನೆಯ ಸರಳ ತಂತ್ರಾಂಶ ಯೋಜನೆಗಳಲ್ಲಿ ಒಂದು. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆ ಮೊದಲಾದ ದಕ್ಷಿಣ ಬೆಂಗಳೂರಿನ ಪ್ರದೇಶಗಳಲ್ಲಿ ಸಂಪು ಮತ್ತು ತಾರಸಿ ಟ್ಯಾಂಕು ಸಾಮಾನ್ಯವಾಗಿರುವುದರಿಂದ ಈ ವ್ಯವಸ್ಥೆಯು ಅಲ್ಲಿ ವಿಶೇಷವಾಗಿ ಉಪಯುಕ್ತವಾಗಿದೆ.

ಹಿನ್ನೆಲೆ

ಬೆಂಗಳೂರು ಜಲಮಂಡಳಿಯು 1964ರಲ್ಲಿ ಸ್ಥಾಪನೆಯಾಯಿತು. ಕಾವೇರಿ ಯೋಜನೆಯ ಮೊದಲ ಹಂತವು 1974ರಲ್ಲಿ ಕಾರ್ಯಾರಂಭ ಮಾಡಿತು; ಐದನೆಯ ಹಂತವು 2024ರ ಅಕ್ಟೋಬರ್ 16ರಂದು ಉದ್ಘಾಟನೆಗೊಂಡಿತು. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಿಸಿದ ನೀರನ್ನು ಹಾರೋಹಳ್ಳಿ ಮತ್ತು ತಾತಗುಣಿಯ ಪಂಪಿಂಗ್ ಕೇಂದ್ರಗಳ ಮೂಲಕ ಸುಮಾರು 100 ಕಿ.ಮೀ. ದೂರ ಸಾಗಿಸಿ, ಒಟ್ಟು ಸುಮಾರು 500 ಮೀಟರ್ ಎತ್ತರಕ್ಕೆ ಏರಿಸಲಾಗುತ್ತದೆ. ನಲ್ಲಿ ನೀರು ದಿನವಿಡೀ ಬರುವುದಿಲ್ಲವಾದ್ದರಿಂದ ಮನೆಗಳಲ್ಲಿ ಅದನ್ನು ಸಂಪಿನಲ್ಲಿ ತುಂಬಿಸಿಕೊಂಡು, ಬಳಿಕ ಮೋಟಾರಿನಿಂದ ತಾರಸಿಗೆ ಏರಿಸುತ್ತಾರೆ. ಮೋಟಾರನ್ನು ನಿಲ್ಲಿಸಲು ಮರೆತರೆ ಟ್ಯಾಂಕು ತುಂಬಿ ಹರಿಯುತ್ತದೆ.

ಶಕ್ತಿಯ ಲೆಕ್ಕ

1,000 ಲೀಟರ್ ನೀರನ್ನು 10 ಮೀಟರ್ ಎತ್ತರದ ತಾರಸಿಗೆ ಏರಿಸಲು ಸೈದ್ಧಾಂತಿಕವಾಗಿ ಕನಿಷ್ಠ 0.027 ಯೂನಿಟ್ ವಿದ್ಯುತ್ತು ಬೇಕು. ಅದೇ ನೀರನ್ನು 500 ಮೀಟರ್ ಏರಿಸಲು 1.36 ಯೂನಿಟ್, ಅಂದರೆ ಐವತ್ತು ಪಟ್ಟು ಬೇಕು. ಪಂಪಿನ ದಕ್ಷತೆ ಮತ್ತು ಕೊಳವೆಯಲ್ಲಿನ ಘರ್ಷಣೆಯಿಂದಾಗಿ ವಾಸ್ತವಿಕ ಬಳಕೆ ಇನ್ನೂ ಹೆಚ್ಚು. ಆದ್ದರಿಂದ ತುಂಬಿ ಹರಿದ ಕಾವೇರಿ ನೀರಿನೊಂದಿಗೆ ನಷ್ಟವಾಗುವ ವಿದ್ಯುತ್ತಿನ ಬಹುಭಾಗವು ಮನೆಯ ಮೀಟರಿನಲ್ಲಿ ದಾಖಲಾಗುವುದೇ ಇಲ್ಲ. ಕೇವಲ ವಿದ್ಯುತ್ ಬಿಲ್ಲನ್ನು ನೋಡಿ ಈ ಸಾಧನದ ಪ್ರಯೋಜನವನ್ನು ಅಳೆಯಲಾಗದು.

ರಚನೆ ಮತ್ತು ಕಾರ್ಯವಿಧಾನ

ಫ್ಲೋಟ್ ಸ್ವಿಚ್ ಅಥವಾ ಶ್ರವಣಾತೀತ ಸಂವೇದಕವು ಮಟ್ಟವನ್ನು ಗುರುತಿಸುತ್ತದೆ. ಇಎಸ್‌ಪಿ32ರಂತಹ ವೈಫೈ ಇರುವ ಮೈಕ್ರೋಕಂಟ್ರೋಲರ್ ಆ ಮಾಹಿತಿಯನ್ನು ಎಂಕ್ಯೂಟಿಟಿ ಎಂಬ ಹಗುರ ಸಂವಹನ ನಿಯಮಾವಳಿಯ ಮೂಲಕ ಕಳುಹಿಸಬಲ್ಲದು. 2013ರಲ್ಲಿ ಆರಂಭವಾದ ಹೋಮ್ ಅಸಿಸ್ಟೆಂಟ್ ಎಂಬ ಮುಕ್ತ ತಂತ್ರಾಂಶದಲ್ಲಿ ಅದನ್ನು ದಾಖಲಿಸಿ ವೀಕ್ಷಿಸಬಹುದು. ತಂತ್ರಾಂಶದಲ್ಲಿ ಸಾಮಾನ್ಯವಾಗಿ ಈ ನಿಯಮಗಳಿರುತ್ತವೆ:

• ಟ್ಯಾಂಕಿನ ಮಟ್ಟ ಶೇ. 30ಕ್ಕಿಂತ ಇಳಿದಾಗ ಚಾಲನೆ, ಶೇ. 90 ತಲುಪಿದಾಗ ನಿಲುಗಡೆ. ಈ ಅಂತರವಿಲ್ಲದಿದ್ದರೆ ಮೋಟಾರು ಪದೇಪದೇ ಚಾಲೂ ಆಗಿ ಕೆಡುತ್ತದೆ.
• ಸಂಪು ಬರಿದಾಗಿದ್ದರೆ ಚಾಲನೆ ಇಲ್ಲ. ನೀರಿಲ್ಲದೆ ಓಡಿದರೆ ಪಂಪಿನ ಸೀಲು ಸುಡುತ್ತದೆ.
• ನಿಗದಿತ ಅವಧಿ ಮೀರಿದರೆ ಅಥವಾ ಸಂವೇದಕದ ಸಂಕೇತ ನಿಂತರೆ ಕೂಡಲೇ ನಿಲುಗಡೆ.

ಸುರಕ್ಷತೆ ಮತ್ತು ಮಿತಿಗಳು

ಮೋಟಾರು ಆರಂಭದಲ್ಲಿ ಹೆಚ್ಚಿನ ವಿದ್ಯುತ್ ಪ್ರವಾಹವನ್ನು ಎಳೆಯುವುದರಿಂದ ಸಣ್ಣ ರಿಲೇಯನ್ನು ನೇರವಾಗಿ ಜೋಡಿಸದೆ, ಅದರ ಮೂಲಕ ಸೂಕ್ತ ಸಾಮರ್ಥ್ಯದ ಕಾಂಟ್ಯಾಕ್ಟರನ್ನು ನಿಯಂತ್ರಿಸಬೇಕು. ಜೋಡಣೆಯನ್ನು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ ಮಾಡುವುದು ಸೂಕ್ತ. ಮುಖ್ಯ ನಿಯಮಗಳು ಮೈಕ್ರೋಕಂಟ್ರೋಲರಿನಲ್ಲಿಯೇ ಇರಬೇಕು. ಅಂತರ್ಜಾಲ ಸಂಪರ್ಕ ಕಡಿತಗೊಂಡರೂ ಟ್ಯಾಂಕು ತುಂಬಿದೊಡನೆ ಮೋಟಾರು ನಿಲ್ಲಬೇಕು. ಆವಿ ಮತ್ತು ಜೇಡರಬಲೆಯಿಂದ ಶ್ರವಣಾತೀತ ಸಂವೇದಕವು ತಪ್ಪು ಅಳತೆ ನೀಡಬಹುದಾದ್ದರಿಂದ, ಅದರೊಂದಿಗೆ ಪ್ರತ್ಯೇಕ ಫ್ಲೋಟ್ ಸ್ವಿಚ್ಚನ್ನೂ ಅಳವಡಿಸುವುದು ಒಳ್ಳೆಯದು.