ವಿಮಾನಯುಗ ಮತ್ತು ನೆರೆನಾಡಿನ ಒಬ್ಬ ವೈಮಾನಿಕ

ನಮ್ಮ ಶಾಲೆ ಆರಂಭವಾಗಿ ಮೂರು ವರ್ಷಗಳಾಗಿದ್ದಾಗಿನ ಮಾತು. 1978ರ ಒಂದು ಮಧ್ಯಾಹ್ನ ಏಳನೆಯ ತರಗತಿಯಲ್ಲಿ ವಿಜ್ಞಾನದ ಪಾಠ ನಡೆಯುತ್ತಿತ್ತು. ಆಕಾಶದಲ್ಲಿ ವಿಮಾನದ ಸದ್ದು ಕೇಳಿದೊಡನೆ ಮಕ್ಕಳೆಲ್ಲರೂ ಕಿಟಕಿಯತ್ತ ಮುಖ ತಿರುಗಿಸಿದರು. ಗದರಿಸಿ ಪ್ರಯೋಜನವಿಲ್ಲವೆಂದು ನಾನು ಪಾಠವನ್ನು ಬದಿಗಿಟ್ಟು ರೈಟ್ ಸಹೋದರರ ಕಥೆಯನ್ನು ಹೇಳತೊಡಗಿದೆ. ಕಥೆ ಮುಗಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಮಾಷ್ಟ್ರೇ, ಅವರೆಲ್ಲ ಪರದೇಶದವರು. ನಮ್ಮ ಕಡೆಯವರು ಯಾರೂ ವಿಮಾನ ಹಾರಿಸಿ ಹೆಸರು ಮಾಡಲಿಲ್ಲವಾ?" ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. "ಇರಬಹುದು, ಕೂತುಕೋ" ಎಂದು ಅವನನ್ನು ಕೂರಿಸಿದೆ. ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಲೇಖನ ಬೇಕೆಂದು ಸಮಿತಿಯವರು ಕೇಳಿದಾಗ ನನಗೆ ಮೊದಲು ನೆನಪಾದುದು ಆ ಸಾಲವೇ. ಅದನ್ನು ಇಲ್ಲಿ ತೀರಿಸಲು ಯತ್ನಿಸುತ್ತೇನೆ.

ಮೊದಲು ಹಾರಾಟದ ಮರ್ಮವನ್ನು ತಿಳಿದುಕೊಳ್ಳೋಣ. ವಿಮಾನವು ಮುಂದಕ್ಕೆ ಧಾವಿಸುವಾಗ ಅದರ ರೆಕ್ಕೆಯು ಎದುರಿನ ಗಾಳಿಯನ್ನು ಕೆಳಮುಖವಾಗಿ ತಳ್ಳುತ್ತದೆ. ಗಾಳಿಯು ಅಷ್ಟೇ ಬಲದಿಂದ ರೆಕ್ಕೆಯನ್ನು ಮೇಲಕ್ಕೆ ಒತ್ತುತ್ತದೆ. ಗಾಳಿಪಟವು ಮೇಲೇರುವುದೂ ಇದೇ ತತ್ತ್ವದಿಂದ. ಗಾಳಿಪಟಕ್ಕೆ ಬೀಸುವ ಗಾಳಿ ಬೇಕು. ವಿಮಾನವು ತನಗೆ ಬೇಕಾದ ಗಾಳಿಯನ್ನು ಎಂಜಿನಿನ ಬಲದಿಂದ ತಾನೇ ಎದುರಿಸಿಕೊಳ್ಳುತ್ತದೆ. ಆದರೆ ಮೇಲೇರಿದ ಮಾತ್ರಕ್ಕೆ ಹಾರಾಟವಾಗದು. ಜರ್ಮನಿಯ ಓಟೋ ಲಿಲಿಯೆಂಥಾಲ್ ಎಂಜಿನಿಲ್ಲದ ರೆಕ್ಕೆಗಳಿಂದ ಅನೇಕ ಬಾರಿ ತೇಲಿ, 1896ರಲ್ಲಿ ಆಯ ತಪ್ಪಿ ಬಿದ್ದು ಪ್ರಾಣ ಬಿಟ್ಟರು. ಸೈಕಲ್ ಅಂಗಡಿ ನಡೆಸುತ್ತಿದ್ದ ಅಮೆರಿಕದ ರೈಟ್ ಸಹೋದರರು ಈ ಆಯದ ಸಮಸ್ಯೆಯನ್ನೇ ಮುಖ್ಯವೆಂದು ಹಿಡಿದರು. ರೆಕ್ಕೆಯ ತುದಿಗಳನ್ನು ತುಸು ತಿರುಚಿ ವಿಮಾನವನ್ನು ಹತೋಟಿಯಲ್ಲಿಡುವ ಉಪಾಯವನ್ನು ಕಂಡುಕೊಂಡರು. 1903ರ ಡಿಸೆಂಬರ್ 17ರಂದು ಅವರ ಯಂತ್ರವು 12 ಸೆಕೆಂಡುಗಳಲ್ಲಿ 120 ಅಡಿ ಹಾರಿತು. ಅದೇ ದಿನದ ನಾಲ್ಕನೆಯ ಹಾರಾಟ 59 ಸೆಕೆಂಡುಗಳದ್ದು; ಕ್ರಮಿಸಿದ ದೂರ 852 ಅಡಿ.

ಆ ವಿದ್ಯೆ ನಮ್ಮ ದೇಶಕ್ಕೆ ಬರಲು ಬಹಳ ಕಾಲ ಹಿಡಿಯಲಿಲ್ಲ. 1911ರ ಫೆಬ್ರವರಿ 18ರಂದು ಹೆನ್ರಿ ಪಿಕೆ ಎಂಬ ಫ್ರೆಂಚ್ ವೈಮಾನಿಕನು ಅಲಹಾಬಾದಿನಿಂದ ಯಮುನೆಯನ್ನು ದಾಟಿ ನೈನಿಗೆ ಅಂಚೆಯ ಚೀಲವನ್ನು ಒಯ್ದನು. ಭಾರತೀಯ ವಾಯುಪಡೆ ಸ್ಥಾಪನೆಯಾದುದು 1932ರ ಅಕ್ಟೋಬರ್ 8ರಂದು. ಮರುವರ್ಷ ಏಪ್ರಿಲ್ 1ರಂದು ನಾಲ್ಕು ವಾಪಿಟಿ ವಿಮಾನಗಳೊಡನೆ ಕರಾಚಿಯಲ್ಲಿ ಅದರ ಒಂದನೆಯ ಸ್ಕ್ವಾಡ್ರನ್ ರೂಪುಗೊಂಡಿತು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯನ್ನು ಸ್ಥಾಪಿಸಿದರು. ಅಲ್ಲಿ ನಿರ್ಮಾಣವಾದ ಎಚ್‌ಟಿ-2 ತರಬೇತಿ ವಿಮಾನವು 1951ರಲ್ಲಿ ಮೊದಲ ಬಾರಿ ಹಾರಿತು. ಬಜಪೆಯ ನಿಲ್ದಾಣ ಆರಂಭವಾದುದೂ ಅದೇ ವರ್ಷ.

ಇನ್ನು ಆ ಹುಡುಗನ ಪ್ರಶ್ನೆಗೆ ಬರುತ್ತೇನೆ. ನಮ್ಮ ಪಾಣತ್ತೂರನ್ನು ದಾಟಿ ಘಟ್ಟ ಹತ್ತಿದರೆ ಕೊಡಗು. ವಾಯುಪಡೆ ಹುಟ್ಟಿದ 1932ರಲ್ಲಿಯೇ, ಡಿಸೆಂಬರ್ 24ರಂದು, ಅಲ್ಲಿ ಅಜ್ಜಮಾಡ ಬೋಪಯ್ಯ ದೇವಯ್ಯನವರು ಜನಿಸಿದರು. 1954ರಲ್ಲಿ ವಾಯುಪಡೆಯ ಅಧಿಕಾರಿಯಾದರು. ಮುಂದೆ ತರುಣ ವೈಮಾನಿಕರಿಗೆ ಹಾರಾಟವನ್ನು ಕಲಿಸುವ ಶಿಕ್ಷಕರಾದರು. 1965ರಲ್ಲಿ ಪಾಕಿಸ್ತಾನದೊಡನೆ ಯುದ್ಧ ಆರಂಭವಾದಾಗ ಅವರನ್ನು ಆ ಒಂದನೆಯ ಸ್ಕ್ವಾಡ್ರನ್ನಿಗೆ ನಿಯೋಜಿಸಲಾಯಿತು.

ಸೆಪ್ಟೆಂಬರ್ 7ರ ಮುಂಜಾವ ಪಂಜಾಬಿನ ಆದಂಪುರದಿಂದ ಮಿಸ್ಟೇರ್ ವಿಮಾನಗಳ ತಂಡವೊಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿ ಮಾಡಲು ಹೊರಟಿತು. ದೇವಯ್ಯನವರು ಅದರಲ್ಲಿ ಕಾದಿರಿಸಿದ ವೈಮಾನಿಕರು. ಬೇರೆ ವಿಮಾನ ಹೊರಡಲಾರದೆ ಹೋದರೆ ಮಾತ್ರ ಅವರ ಸರದಿ. ಆ ಸರದಿ ಅಂದು ಬಂದಿತು. ಅಲ್ಲಿ ಅವರ ವಿಮಾನವನ್ನು ಪಾಕಿಸ್ತಾನದ ಸ್ಟಾರ್‌ಫೈಟರ್ ಒಂದು ಬೆನ್ನಟ್ಟಿ ಹೊಡೆಯಿತು. ಸ್ಟಾರ್‌ಫೈಟರ್ ಶಬ್ದದ ಎರಡು ಪಟ್ಟು ವೇಗದ ವಿಮಾನ. ಮಿಸ್ಟೇರಿನದು ಅದರ ಸುಮಾರು ಅರ್ಧದಷ್ಟು ವೇಗ. ಓಡಿ ಪಾರಾಗುವಂತಿರಲಿಲ್ಲ. ಏಟು ತಿಂದ ವಿಮಾನದಲ್ಲಿಯೇ ದೇವಯ್ಯನವರು ತಿರುಗಿ ನಿಂತರು.

ನಿಧಾನದ ವಿಮಾನವು ವೇಗದ ವಿಮಾನವನ್ನು ಎದುರಿಸುವುದೆಂತು? ಆಕಾಶದಲ್ಲಿ ತಿರುಗುವುದಕ್ಕೂ ರೆಕ್ಕೆಯ ಬಲವೇ ಬೇಕು. ಸ್ಟಾರ್‌ಫೈಟರಿನ ರೆಕ್ಕೆಗಳು ಅತಿ ವೇಗಕ್ಕೆಂದು ಮಾಡಿದವು, ಗಿಡ್ಡ, ತೆಳು. ಆದುದರಿಂದ ಅದು ತಿರುಗಲು ದೊಡ್ಡ ಸುತ್ತು ಹಾಕಬೇಕು. ಮಿಸ್ಟೇರಿನ ರೆಕ್ಕೆ ಅದಕ್ಕಿಂತ ವಿಶಾಲ. ಸಣ್ಣ ಸುತ್ತಿನಲ್ಲಿ ತಿರುಗಬಲ್ಲದು. ಹೆದ್ದಾರಿಯಲ್ಲಿ ಕಾರನ್ನು ಸೈಕಲ್ ಹಿಂದಿಕ್ಕಲಾರದು. ಆದರೆ ಕಂಗಿನ ತೋಟದ ಓಣಿಯ ತಿರುವಿನಲ್ಲಿ ಸೈಕಲ್ಲಿಗೇ ಅನುಕೂಲ. ಎದುರಾಳಿಯು ತನ್ನ ವೇಗವನ್ನು ಬಿಟ್ಟು ಇಂತಹ ತಿರುವಿನ ಕಾಳಗಕ್ಕೆ ಇಳಿದಾಗ ದೇವಯ್ಯನವರು ಗುಂಡು ಹಾರಿಸಿದರು. ಎರಡು ವಿಮಾನಗಳೂ ನೆಲಕ್ಕೆ ಬಿದ್ದವು. ಪಾಕಿಸ್ತಾನದ ವೈಮಾನಿಕ ಅಮ್ಜದ್ ಹುಸೇನ್ ಧುಮುಕುಕೊಡೆಯಿಂದ ಬದುಕಿ ಉಳಿದರು. ದೇವಯ್ಯನವರು ಮರಳಲಿಲ್ಲ.

ಆ ಕಾಳಗವನ್ನು ನಮ್ಮವರು ಯಾರೂ ಕಂಡಿರಲಿಲ್ಲ. ಮರಳಿದವರಿಗೆ ತಿಳಿದಿದ್ದುದು ದೇವಯ್ಯನವರು ಹಿಂದಿರುಗಲಿಲ್ಲವೆಂಬುದಷ್ಟೇ. ಅವರನ್ನು ಕಾಣೆಯಾದವರ ಪಟ್ಟಿಗೆ ಸೇರಿಸಲಾಯಿತು. 1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಅವರು ಆ ಯುದ್ಧದ ಬಗ್ಗೆ, ಪಾಕಿಸ್ತಾನದ ಕಡೆಯ ವಿವರಗಳನ್ನು ಆಧರಿಸಿ ಬರೆದ ಪುಸ್ತಕ ಪ್ರಕಟವಾಯಿತು. ಮಿಸ್ಟೇರ್ ಒಂದು ಸ್ಟಾರ್‌ಫೈಟರನ್ನು ಉರುಳಿಸಿದ ಸಂಗತಿ ಅದರಲ್ಲಿತ್ತು. ಆ ಎಳೆಯನ್ನು ಹಿಡಿದು ನಮ್ಮವರು ಪರಿಶೀಲಿಸಿದಾಗ ಆ ವೈಮಾನಿಕರು ದೇವಯ್ಯನವರೇ ಎಂಬುದು ಖಚಿತವಾಯಿತು. 1988ರಲ್ಲಿ, ಇಪ್ಪತ್ತಮೂರು ವರ್ಷಗಳ ಅನಂತರ, ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರವನ್ನು ನೀಡಲಾಯಿತು. ಮಡಿಕೇರಿಯ ಒಂದು ವೃತ್ತ ಇಂದು ಅವರ ಹೆಸರಿನಲ್ಲಿದೆ.

ಹೀಗೆ 1978ರಲ್ಲಿ ನನಗೆ ಉತ್ತರ ತಿಳಿಯದಿದ್ದುದು ನನ್ನೊಬ್ಬನ ಅಜ್ಞಾನವಾಗಿರಲಿಲ್ಲ. ಅಂದು ದೇಶಕ್ಕೇ ಅದು ತಿಳಿದಿರಲಿಲ್ಲ. ಎದುರು ಪಕ್ಷದ ದಾಖಲೆ ಇಲ್ಲದಿರುತ್ತಿದ್ದರೆ ಅಂತಹ ಸಾಹಸವೂ ಮಣ್ಣುಪಾಲಾಗುತ್ತಿತ್ತು. ಗಡಿನಾಡಿನ ಕನ್ನಡಿಗರಾದ ನಾವು ಇದರಿಂದ ಕಲಿಯಬೇಕಾದುದಿದೆ. 1956ರ ಅನಂತರ ಈ ನೆಲದಲ್ಲಿ ಕನ್ನಡ ಶಾಲೆಗಳನ್ನು ಉಳಿಸಲು ಯಾರು ಯಾರು ಏನು ಮಾಡಿದರೆಂಬುದನ್ನು ಬೇರೆಯವರು ಬಂದು ಬರೆಯಲಾರರು. ಕಂಡವರು, ನೆನಪಿದ್ದವರು, ಬದುಕಿರುವಾಗಲೇ ಬರೆದಿಡಬೇಕು. ಈ ಸ್ಮರಣ ಸಂಚಿಕೆಯ ನಿಜವಾದ ಪ್ರಯೋಜನವೂ ಅದೇ.

ಇಂದು ನಮ್ಮ ಹಳೆ ವಿದ್ಯಾರ್ಥಿಗಳು ಮಂಗಳೂರಿನಿಂದಲೂ, 2018ರಿಂದೀಚೆಗೆ ಕಣ್ಣೂರಿನಿಂದಲೂ ವಿಮಾನವೇರಿ ಕೊಲ್ಲಿ ದೇಶಗಳಿಗೆ ಹೋಗಿಬರುತ್ತಿದ್ದಾರೆ. ಹಿಂದಿನ ಬೆಂಚಿನ ಆ ಹುಡುಗನಿಗೆ ಈಗ ಅರುವತ್ತು ದಾಟಿರಬೇಕು. ಅವನು ಎಲ್ಲಿದ್ದರೂ ಈ ಪುಟ ಅವನ ಕೈಸೇರಲಿ. ನಮ್ಮ ಕಡೆಯವರೂ ಹಾರಿದ್ದರು, ಮಗೂ.