ಬಿಳಿಗುಡ್ಡೆಯ ಹಳದಿ ಚುಕ್ಕೆ: ಶಿರಸಿ ಸೀಮೆಯ ನೇತ್ರವಿಕಾರವೊಂದರ ವಿವೇಚನೆ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಕಣ್ಣಿನ ಬಿಳಿಭಾಗದ ಮೇಲೆ ಹಳದಿಯ ಕುರುಹು ಕಂಡೊಡನೆ ‘ಕಾಮಾಲೆ’ ಎಂಬ ಮಾತು ಬಾಯಿಗೆ ಬರುವುದುಂಟು. ಈ ಶಂಕೆಗೆ ಚಾರಿತ್ರಿಕವಾದ ಆಧಾರವಿಲ್ಲದೆ ಇಲ್ಲ. ಘಟ್ಟದ ಮೇಲಿನ ಈ ಕಾಡುಸೀಮೆಯು ಬಹುಕಾಲ ಮಲೇರಿಯಾ ಜ್ವರದ ನೆಲೆಯಾಗಿದ್ದಿತು. 1862ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ ಉತ್ತರ ಕನ್ನಡ ಜಿಲ್ಲೆಯಲ್ಲಿ, 1946ರಿಂದ ಮನೆಗಳ ಒಳಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸುವ ಕಾರ್ಯ ನಡೆದ ಮೇಲೆ ಆ ಪಿಡುಗು ಹಿಮ್ಮೆಟ್ಟಿತು. ಮಲೇರಿಯಾದಲ್ಲಿ ರಕ್ತಕಣಗಳು ಒಡೆದು ಕಣ್ಣು ಹಳದಿಗೆ ತಿರುಗುವುದು ಅಪರೂಪವಲ್ಲ. ಹಿರಿಯರ ಹೆದರಿಕೆಯು ಅನುಭವಮೂಲವಾದುದೆಂದೇ ಹೇಳಬೇಕು.

ಆದರೆ ಹಳದಿಯಾದ ಕಣ್ಣು ಬೇರೆ. ಕಣ್ಣಿನಲ್ಲಿರುವ ಹಳದಿ ಚುಕ್ಕೆ ಬೇರೆ. ಕಾಮಾಲೆಯಲ್ಲಿ ಬಿಲಿರುಬಿನ್ ಎಂಬ ಪಿತ್ತವರ್ಣವು ರಕ್ತದಲ್ಲಿ ಹೆಚ್ಚಿ ಎರಡು ಕಣ್ಣುಗಳ ಬಿಳಿಭಾಗವೂ ಒಂದೇ ಸಮನಾಗಿ ಹಳದಿಯಾಗುವುದು. ರೆಪ್ಪೆಯನ್ನೆತ್ತಿ ನೋಡಿದರೆ ಅಲ್ಲಿಯೂ ಅದೇ ಬಣ್ಣ. ಸಾಮಾನ್ಯವಾಗಿ ಮೂತ್ರವೂ ಗಾಢವಾಗಿರುವುದು. ಇದನ್ನು ಹಗಲಿನ ಬೆಳಕಿನಲ್ಲಿ ಪರೀಕ್ಷಿಸಬೇಕು.

ಇನ್ನು ಚುಕ್ಕೆಯ ವಿಚಾರ. ನಡುವಯಸ್ಸು ದಾಟಿದವರಲ್ಲಿ, ಕರಿಗುಡ್ಡೆಯ ಪಕ್ಕದಲ್ಲಿ, ಬಹುಮಟ್ಟಿಗೆ ಮೂಗಿನ ಕಡೆಗೆ, ತುಸು ಉಬ್ಬಿದ ಹಳದಿ ಚುಕ್ಕೆಯೊಂದು ಕಂಡುಬರುವುದು. ವೈದ್ಯರು ಇದನ್ನು ಪಿಂಗ್ವೆಕ್ಯುಲ ಎನ್ನುವರು. ಕೊಬ್ಬು ಎಂಬರ್ಥದ ಲ್ಯಾಟಿನ್ ಶಬ್ದದಿಂದ ಬಂದ ಈ ಹೆಸರು ತಪ್ಪು ಹೆಸರು, ಏಕೆಂದರೆ ಅಲ್ಲಿರುವುದು ಕೊಬ್ಬಲ್ಲ. ಬಿಸಿಲಿನ ನೇರಳಾತೀತ ಕಿರಣಗಳಿಂದ ಕೆಟ್ಟು ಗಂಟುಗಟ್ಟಿದ ತಂತುಗಳು. ಕಿವಿಯ ಮಗ್ಗುಲಿನಿಂದ ಬೀಳುವ ಬೆಳಕು ಕರಿಗುಡ್ಡೆಯ ಕಮಾನಿನಲ್ಲಿ ಬಾಗಿ ಮೂಗಿನ ಕಡೆಯ ಅಂಚಿನಲ್ಲಿ ಒಟ್ಟುಗೂಡುವುದರಿಂದ ಅಲ್ಲಿಯೇ ಹಾನಿ ಹೆಚ್ಚು ಎಂಬುದು ಇಂದಿನ ವಿವರಣೆ. ಬಿಸಿಲಿಗೆ ಧೂಳು, ಗಾಳಿ, ಹೊಗೆಗಳು ನೆರವಾಗುವುವು. ನಮ್ಮ ಸೀಮೆಯಲ್ಲಿ ಇವಾವುದಕ್ಕೂ ಕೊರತೆಯಿಲ್ಲ. ತೋಟದಲ್ಲಿ ನೆರಳಿದ್ದರೂ ಮರವೇರುವ ಕೊನೆಗೌಡನು ತಲೆಯೆತ್ತಿ ಆಕಾಶವನ್ನು ನೋಡುತ್ತಲೇ ಇರಬೇಕು; ಅಡಿಕೆ ಬೇಯಿಸುವ ಒಲೆಯ ಮುಂದೆ ಕುಳಿತವರ ಕಣ್ಣಿಗೆ ಹೊಗೆ ತಪ್ಪದು; ಬನವಾಸಿಯ ಕಡೆಯ ಬಯಲುಗದ್ದೆಗಳಲ್ಲಿ ನೆರಳೇ ಇಲ್ಲ. ಅಂಚಿಲ್ಲದ ಹಾಳೆಟೊಪ್ಪಿಯು ತಲೆಯನ್ನು ಕಾಯುವುದೇ ಹೊರತು ಕಣ್ಣನ್ನಲ್ಲ.

ಈ ಚುಕ್ಕೆಯಿಂದ ದೃಷ್ಟಿಗೆ ಅಪಾಯವಿಲ್ಲ. ಉರಿ, ಒಣಗುವಿಕೆ ಇದ್ದರೆ ಕಣ್ಣೀರಿನಂತಹ ತೇವದ ಹನಿಗಳು ಸಾಕು. ಕೆಂಪಾಗಿ ಊದಿಕೊಂಡರೆ ವೈದ್ಯರು ಕೆಲವು ದಿನಗಳ ಮಟ್ಟಿಗೆ ಸ್ಟೆರಾಯ್ಡ್ ಹನಿಗಳನ್ನು ಕೊಡಬಹುದು. ಅದೇ ಶೀಸೆಯನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ಹಾಕಿಕೊಂಡರೆ ಕಣ್ಣಿನ ಒತ್ತಡವೇರಿ ದೃಷ್ಟಿನಾಶವೂ ಆಗಬಹುದು. ನಂದಿಬಟ್ಟಲಿನ ರಸ, ಜೇನು ಮೊದಲಾದುವನ್ನು ಹಿಂಡುವುದೂ ಕ್ಷೇಮವಲ್ಲ, ಅವುಗಳೊಡನೆ ರೋಗಾಣುಗಳೂ ಕಣ್ಣನ್ನು ಸೇರುವುವು. ಅಗಲ ಅಂಚಿನ ಟೊಪ್ಪಿಗೆ, ಬಿಸಿಲುಕನ್ನಡಕಗಳೇ ಇದರ ನಿಜವಾದ ಮದ್ದು.

ಬಿಳಿಭಾಗದಿಂದ ಹೊರಟ ಮಾಂಸದ ಪೊರೆಯು ಕರಿಗುಡ್ಡೆಯ ಮೇಲೆ ಹರಿದರೆ ಅದು ಜನರು ‘ದುರ್ಮಾಂಸ’ ಎನ್ನುವ ಟೆರಿಜಿಯಮ್. ಇದೇ ಸುಶ್ರುತನ ‘ಅರ್ಮ’. ಸುಶ್ರುತಸಂಹಿತೆಯ ಉತ್ತರತಂತ್ರವು ಬಿಳಿಭಾಗದ ಹನ್ನೊಂದು ರೋಗಗಳನ್ನು ಹೇಳಿ, ಅವುಗಳಲ್ಲಿ ಐದನ್ನು ಅರ್ಮದ ಭೇದಗಳೆಂದು ಎಣಿಸಿದೆ. ಪೊರೆಯನ್ನು ಕೊಕ್ಕೆಯಿಂದ ಎತ್ತಿ ಕತ್ತರಿಸಬೇಕು, ಆದರೆ ಮೂಗಿನ ಕಡೆಯ ಮೂಲೆಗೆ ಗಾಯವಾಗದಂತೆ ನಾಲ್ಕನೆಯ ಒಂದು ಭಾಗವನ್ನು ಉಳಿಸಬೇಕು, ಉಳಿದುದನ್ನು ಲೇಖನಾಂಜನದಿಂದ ಸವೆಯಿಸಬೇಕು ಎಂಬ ಅಲ್ಲಿನ ವಿಧಿಯು ಕೈಯಾರೆ ಮಾಡಿ ಕಂಡವರ ಮಾತಿನಂತಿದೆ. ಬರಿದೆ ಕತ್ತರಿಸಿದ ಅರ್ಮವು ಅನೇಕರಲ್ಲಿ ಮತ್ತೆ ಬೆಳೆಯುವುದು. ಇಂದಿನ ಶಸ್ತ್ರವೈದ್ಯರು ರೋಗಿಯ ಕಣ್ಣಿನಿಂದಲೇ ತೆಗೆದ ತೆಳುಪೊರೆಯನ್ನು ಆ ಸ್ಥಳಕ್ಕೆ ಹಚ್ಚುವುದು ಈ ಕಾರಣದಿಂದಲೇ.

ಅದೇ ಪಟ್ಟಿಯ ‘ಶುಕ್ತಿಕಾ’ ಎಂಬುದನ್ನು ಪಿಂಗ್ವೆಕ್ಯುಲವೆಂದು ಗುರುತಿಸುವುದು ನನಗೆ ಸಮ್ಮತವಲ್ಲ. ವಾಗ್ಭಟನು ಅಷ್ಟಾಂಗಹೃದಯದಲ್ಲಿ ಶುಕ್ತಿಕೆಯ ಚುಕ್ಕೆಗಳು ಹಳದಿಯಾಗಿಯೂ ಇರಬಹುದೆಂದು ಹೇಳಿ, ಉರಿ, ಜ್ವರ, ಬಾಯಾರಿಕೆ, ಭೇದಿಗಳನ್ನು ಜೊತೆಗಿರಿಸಿದ್ದಾನೆ. ಪಿಂಗ್ವೆಕ್ಯುಲದಿಂದ ಜ್ವರವಾಗಲಿ ಭೇದಿಯಾಗಲಿ ಬಾರದು. ಭೇದಿಯಿಂದ ಸೊರಗಿದ ಶರೀರದಲ್ಲಿ ಚುಕ್ಕೆ ಮೂಡುವ ರೋಗ ಬೇರೊಂದಿದೆ. ಶುಕ್ತಿಕೆಯು ಅದಕ್ಕೆ ಹೆಚ್ಚು ಸಮೀಪವೆಂದು ತೋರುವುದು.

ಫ್ರಾನ್ಸಿನ ಬೋರ್ಡೋ ನಗರದ ವೈದ್ಯ ಬಿಟೊ ಎಂಬಾತನು 1863ರಲ್ಲಿ ವರ್ಣಿಸಿದ ಚುಕ್ಕೆಯೇ ಅದು. (ನಮ್ಮವರು ಕೊಳೆರೋಗಕ್ಕೆ ಸಿಂಪಡಿಸುವ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣಕ್ಕೂ ಅದೇ ಊರಿನ ಹೆಸರು, ಅದರ ಹನಿ ಕಣ್ಣಿಗೆ ಬಿದ್ದರೆ ಕೂಡಲೇ ಧಾರಾಳವಾಗಿ ನೀರಿನಿಂದ ತೊಳೆಯಬೇಕು.) ಬಿಟೊ ಚುಕ್ಕೆಯು ಮಕ್ಕಳಲ್ಲಿ, ಸಾಮಾನ್ಯವಾಗಿ ಕಿವಿಯ ಕಡೆಗೆ, ನೊರೆ ಮೆತ್ತಿದಂತೆ ಬೂದುಬಿಳಿಯಾಗಿ ಇಲ್ಲವೆ ಹಳದಿಯಾಗಿ ಕಾಣುವುದು. ಇದು ಎ ಜೀವಸತ್ತ್ವದ ಕೊರತೆಯ ಗುರುತು. ಮಗುವು ಮುಸ್ಸಂಜೆಯಲ್ಲಿ ಎಡವುತ್ತಿದ್ದರೆ ಇರುಳುಗಣ್ಣೂ ಸೇರಿದೆಯೆಂದು ತಿಳಿಯಬೇಕು. ಅಲಕ್ಷಿಸಿದರೆ ಕರಿಗುಡ್ಡೆಯೇ ಕರಗಿ ಮಗು ಕುರುಡಾಗುವುದು. ವರ್ಷ ತುಂಬಿದ ಮಗುವಿಗೆ 2 ಲಕ್ಷ ಯೂನಿಟ್ ಎ ಜೀವಸತ್ತ್ವವನ್ನು ಮೊದಲ ದಿನ, ಮರುದಿನ ಮತ್ತು ಎರಡು ವಾರಗಳ ಅನಂತರ ವೈದ್ಯರು ಕೊಡುವರು. ಭಾರತದಲ್ಲಿ 1970ರಿಂದ ಮಕ್ಕಳಿಗೆ ಮುನ್ನೆಚ್ಚರಿಕೆಯಾಗಿ ಇದನ್ನು ಕುಡಿಸುವ ಯೋಜನೆ ನಡೆದುಬಂದಿದೆ. ಇರುಳುಗಣ್ಣಿಗೆ ಆಡಿನ ಯಕೃತ್ತನ್ನು ಹಿಪ್ಪಲಿಯೊಡನೆ ಬೇಯಿಸಿ ಕೊಡುವಂತೆ ಸುಶ್ರುತಸಂಹಿತೆ ಹೇಳಿರುವುದು ಇಲ್ಲಿ ಗಮನಾರ್ಹ; ಈ ಸತ್ತ್ವವು ಸಂಗ್ರಹವಾಗುವುದು ಯಕೃತ್ತಿನಲ್ಲಿಯೇ. ಸಸ್ಯಾಹಾರಿಗಳ ಮನೆಯಲ್ಲಿ ಬಸಳೆ, ಹರಿವೆ, ನುಗ್ಗೆಸೊಪ್ಪು, ಪಪ್ಪಾಯಿ, ಮಾವುಗಳು ಆ ಸ್ಥಾನವನ್ನು ತುಂಬಬಲ್ಲುವು, ಜೊತೆಗೆ ತುಸು ಎಣ್ಣೆಯೋ ತುಪ್ಪವೋ ಇರಬೇಕು.

ಕಣ್ಣು ಕೆಂಪಾಗಿ, ತೀವ್ರ ಜ್ವರ, ಮೈಕೈನೋವು ಇದ್ದಲ್ಲಿ ಮಾತ್ರ ಈ ಲೇಖನದ ವಿಚಾರ ಅನ್ವಯಿಸದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯು 2024ರಲ್ಲಿ ಸಿದ್ದಾಪುರ ತಾಲ್ಲೂಕಿನಲ್ಲಿ ಕಾಣಿಸಿಕೊಂಡಿತು. ಕಾಡಿಗೆ ಹೋಗಿಬಂದವರಲ್ಲಿ ಇಂತಹ ಲಕ್ಷಣ ಕಂಡರೆ ಕಣ್ಣಿನ ಹನಿಯನ್ನು ಹುಡುಕದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು.