ಮರಳುಗಾಡಿನ ಹಣ್ಣು-ಕಾಯಿ

ಜೋಧಪುರದ ಕಡೆ ಮದುವೆಯೂಟದ ಪಂಕ್ತಿಯಲ್ಲಿ ಕುಳಿತ ದಕ್ಷಿಣದೇಶದ ಅತಿಥಿಯ ಮುಂದೆ ಒಂದು ವಿಚಿತ್ರ ಪಲ್ಯ ಬರುವುದುಂಟು. ಬಣ್ಣ ಕಪ್ಪು, ನೋಟ ಒಣಕಡ್ಡಿಯದು. ಆದರೆ ನಾಲಿಗೆಗೆ ಸೋಕಿದೊಡನೆ ಅಭಿಪ್ರಾಯ ಬದಲಾಗುತ್ತದೆ. ಹುಳಿ, ಖಾರ, ನಸು ಒಗರು ಹದವಾಗಿ ಬೆರೆತ ಈ ಪಲ್ಯಕ್ಕೆ ಅಲ್ಲಿ ‘ಪಂಚಕೂಟಾ’ ಎಂದು ಹೆಸರು. ಎಲೆಯೇ ಇಲ್ಲದ ಕೈರ್ ಪೊದೆಯ ಕಾಯಿ, ಖೇಜಡಿ ಮರದ ಎಳೆಯ ಕೋಡು, ಕುಮಟ ಮರದ ಬೀಜ, ಚಳ್ಳೆಕಾಯಿ, ಇವು ನಾಲ್ಕು. ಐದನೆಯದು ಕೆಲವರ ಮನೆಯಲ್ಲಿ ಒಣಮೆಣಸಿನಕಾಯಿ, ಕೆಲವರಲ್ಲಿ ಒಣಗಿದ ಮಾವಿನಕಾಯಿಯ ಹೋಳು. ಚಳ್ಳೆಹಣ್ಣು ತಿನ್ನಿಸುವುದೆಂದರೆ ಕನ್ನಡದಲ್ಲಿ ಮೋಸಮಾಡುವುದೆಂದರ್ಥ. ಮಾರವಾಡದ ಗೃಹಿಣಿಯಾದರೋ ಬೀಜ ತೆಗೆದು, ಉಪ್ಪಿನ ನೆರವಿನಿಂದ ಅಂಟನ್ನು ಕಳೆದು, ಅದೇ ಕಾಯಿಗೆ ಉಪ್ಪಿನಕಾಯಿಯ ಭರಣಿಯಲ್ಲಿ ಮಾನದ ಸ್ಥಾನ ಕೊಟ್ಟಿದ್ದಾಳೆ. ಕೈರ್ ಕಾಯಿಯ ಕಹಿಯನ್ನೂ ಅವಳು ಹೀಗೆಯೇ ಮಜ್ಜಿಗೆಯಲ್ಲೋ ಉಪ್ಪುನೀರಿನಲ್ಲೋ ಕೆಲವು ದಿನ ನೆನೆಯಿಟ್ಟು ಇಳಿಸುತ್ತಾಳೆ.

ಇದು ನಾಲಿಗೆಯ ಚಪಲದಿಂದ ಹುಟ್ಟಿದ ಅಡುಗೆಯಲ್ಲ. ಜೈಸಲ್ಮೇರಿನಲ್ಲಿ ವರ್ಷದ ಸರಾಸರಿ ಮಳೆ 200 ಮಿಲಿಮೀಟರಿಗೂ ಕಡಿಮೆ. ಆಗುಂಬೆಯಲ್ಲಿ ಮುಂಗಾರಿನ ಒಂದೇ ದಿನ ಅಷ್ಟು ಸುರಿದುಬಿಡುವುದುಂಟು. ಥಾರಿನ ಅಂಚಿನ ಫಲೋದಿಯಲ್ಲಿ 2016ರ ಮೇ 19ರಂದು ಬಿಸಿಲು 51 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಇಂಥ ನೆಲದಲ್ಲಿ ಹಸಿ ತರಕಾರಿ ವರ್ಷವಿಡೀ ಎಲ್ಲಿಂದ ಬರಬೇಕು? ಸಿಕ್ಕಿದಾಗ ಕೊಯ್ದು, ಒಣಗಿಸಿ, ಡಬ್ಬದಲ್ಲಿ ತುಂಬಿಡುವುದೇ ಅಲ್ಲಿನ ಸಂಸಾರಧರ್ಮ.

ಖೇಜಡಿ ಕನ್ನಡಿಗರಿಗೆ ಅಪರಿಚಿತ ಮರವೇನಲ್ಲ. ವಿಜಯದಶಮಿಯಂದು ಬಂಗಾರವೆಂದು ಎಲೆ ಹಂಚಿಕೊಳ್ಳುವ ಬನ್ನಿ, ಪಾಂಡವರು ಆಯುಧಗಳನ್ನು ಬಚ್ಚಿಟ್ಟ ಶಮಿ, ಇದೇ. ಇಲ್ಲಿ ಪೂಜೆಗೊಂದು ದಿನ ನೆನಪಾಗುವ ಮರ ಅಲ್ಲಿ ವರ್ಷವೆಲ್ಲ ಹೊಟ್ಟೆ ಹೊರೆಯುತ್ತದೆ. ಬೇರು ಹತ್ತಾರು ಮೀಟರ್ ಆಳಕ್ಕಿಳಿಯುವುದರಿಂದ ಮೇಲ್ಮಣ್ಣಿನ ತೇವಕ್ಕಾಗಿ ಸಜ್ಜೆಯ ಪೈರಿನೊಡನೆ ಜಗಳಕ್ಕೆ ನಿಲ್ಲುವುದಿಲ್ಲ. ಸಾರಜನಕವನ್ನು ಮಣ್ಣಿಗೆ ಸೇರಿಸುವುದರಿಂದ ಮರದ ಬುಡದ ಸಜ್ಜೆ ಬಯಲಿನದಕ್ಕಿಂತ ಹುಲುಸಾಗಿರುತ್ತದೆ. ಈ ಮರಗಳನ್ನು ಕಡಿಯಲು ಬಂದ ರಾಜಭಟರ ಕೊಡಲಿಗೆ 1730ರಲ್ಲಿ ಖೇಜಡಲಿ ಗ್ರಾಮದಲ್ಲಿ 363 ಮಂದಿ ಬಿಷ್ಣೋಯಿಗಳು ತಲೆಯೊಡ್ಡಿದರೆಂಬುದು ಪ್ರಸಿದ್ಧ.

ಹಣ್ಣಿನ ಮಾತಿಗೆ ಬಂದರೆ ಬೋರೆಹಣ್ಣಿಗೇ ಅಗ್ರಪೂಜೆ. ಈ ಮರದ ಜಾಣತನ ಮೆಚ್ಚತಕ್ಕದ್ದು. ಬಿಸಿಲು ಉಗ್ರವಾಗುವ ಕಾಲಕ್ಕೆ ಎಲೆಯನ್ನೆಲ್ಲ ಉದುರಿಸಿ ಮಲಗಿಬಿಡುತ್ತದೆ. ತೋಟದವರು ಮೇ ತಿಂಗಳಲ್ಲಿ ಕೊಂಬೆ ಸವರುತ್ತಾರೆ. ಮಳೆ ಬಿದ್ದೊಡನೆ ಹೊಸ ಚಿಗುರು, ಮಳೆಗಾಲದ ಕೊನೆಗೆ ಹೂವು, ಚಳಿಗಾಲದಲ್ಲಿ ಹಣ್ಣು. ನೀರು ಇರುವ ತಿಂಗಳುಗಳಲ್ಲೇ ಸಂಸಾರವನ್ನೆಲ್ಲ ಮುಗಿಸಿಕೊಳ್ಳುವ ಬಗೆ ಇದು. ಕಾಡುಬೋರೆಯ ಗಟ್ಟಿ ಬೇರಿನ ಮೇಲೆ ಗೋಲಾ, ಸೇಬ್, ಉಮ್ರಾನ್ ಮೊದಲಾದ ಒಳ್ಳೆಯ ತಳಿಗಳ ಕಣ್ಣು ಕೂಡಿಸುವ ಕ್ರಮ ಇಲ್ಲಿ ಬಳಕೆಯಲ್ಲಿದೆ. ಬೀಜವನ್ನು ತೋಟದಲ್ಲೇ ಊರಿ ಅಲ್ಲಿಯೇ ಕಸಿಮಾಡುವುದು ಉತ್ತಮ. ಸಸಿಮಡಿಯ ಗಿಡವನ್ನು ಕಿತ್ತು ನೆಟ್ಟರೆ ತಾಯಿಬೇರು ತುಂಡಾಗುತ್ತದೆ. ತಾಯಿಬೇರಿಲ್ಲದ ಗಿಡಕ್ಕೆ ಮರಳುಗಾಡಿನಲ್ಲಿ ಭವಿಷ್ಯವಿಲ್ಲ. ಜೋಧಪುರದಲ್ಲಿ 1959ರಿಂದ ಕೆಲಸ ಮಾಡುತ್ತಿರುವ ಕೇಂದ್ರೀಯ ಶುಷ್ಕ ವಲಯ ಸಂಶೋಧನಾ ಸಂಸ್ಥೆ ಈ ಬೆಳೆಯ ಬಗ್ಗೆ ಬಹಳ ಶ್ರಮಿಸಿದೆ.

ನೀರಿನ ವಿಷಯದಲ್ಲಿ ಅಲ್ಲಿನ ಹಿರಿಯರ ಲೆಕ್ಕಾಚಾರ ಸೂಕ್ಷ್ಮವಾದದ್ದು. ಕಲ್ಲುದಿಬ್ಬದ ಮೇಲೆ ಬಿದ್ದ ಮಳೆ ಹರಿದುಬರುವ ತಗ್ಗಿಗೆ ಅಡ್ಡಲಾಗಿ ಮಣ್ಣಿನ ಉದ್ದನೆಯ ಏರಿ ಹಾಕುತ್ತಾರೆ. ಇದಕ್ಕೆ ‘ಖಡೀನ್’ ಎಂದು ಹೆಸರು. ಹದಿನೈದನೆಯ ಶತಮಾನದಲ್ಲಿ ಜೈಸಲ್ಮೇರ್ ಸೀಮೆಯ ಪಾಲಿವಾಲ ಬ್ರಾಹ್ಮಣರು ರೂಢಿಗೆ ತಂದ ಉಪಾಯವಿದು. ನಿಂತ ನೀರು ಇಂಗಿದ ಮೇಲೆ ಆ ತೇವದಲ್ಲೇ ಗೋಧಿ, ಕಡಲೆ ಬಿತ್ತಿದರೆ ಮತ್ತೊಂದು ಹನಿ ಹಾಯಿಸದೆ ಫಸಲು ಕೈಗೆ ಬರುತ್ತದೆ. ಮನೆಯ ಮಟ್ಟಿಗೆ ‘ಟಾಂಕಾ’ ಎಂಬ ನೆಲದೊಳಗಿನ ತೊಟ್ಟಿಯುಂಟು. ನೂರು ಚದರ ಮೀಟರ್ ಮಾಳಿಗೆಯ ಮೇಲೆ 200 ಮಿಲಿಮೀಟರ್ ಮಳೆ ಬಿದ್ದರೂ 20,000 ಲೀಟರಾಯಿತು. ಸೋರಿ ಆರಿ ಹೋದದ್ದನ್ನು ಕಳೆದರೂ ಕುಡಿಯಲು ಮಿಕ್ಕಿದ್ದು ಹಿತ್ತಿಲಿನ ನಾಲ್ಕು ಗಿಡಕ್ಕೆ ಸಾಲುತ್ತದೆ. ಗಿಡದ ಪಕ್ಕದಲ್ಲಿ ಮೆರುಗಿಲ್ಲದ ಮಣ್ಣಿನ ಮಡಕೆಯೊಂದನ್ನು ಕುತ್ತಿಗೆಯವರೆಗೆ ಹೂತು, ನೀರು ತುಂಬಿ, ಬಾಯಿ ಮುಚ್ಚಿಟ್ಟರೆ ಅದು ಮೆಲ್ಲಮೆಲ್ಲನೆ ಬೇರಿಗೇ ಒಸರುತ್ತದೆ. ದಿನವೂ ಮೇಲಿಂದ ಚಿಮುಕಿಸುವ ನಗರದ ಅಭ್ಯಾಸ ಅಲ್ಲಿ ಅಪಾಯಕರ. ನೀರು ಆವಿಯಾಗಿ ಹೋಗುತ್ತದೆ, ಅದರಲ್ಲಿದ್ದ ಉಪ್ಪು ಮಾತ್ರ ಬಿಳಿಯ ಪೊರೆಯಾಗಿ ಮಣ್ಣಿನ ಮೇಲೆ ಉಳಿಯುತ್ತದೆ.

ಕೆಲವು ಬೆಳೆಗಳಿಗಂತೂ ಒಣಹವೆಯೇ ವರ. ಕನ್ನಡಿಗರ ಒಗ್ಗರಣೆಯ ಜೀರಿಗೆ ಬಾಡಮೇರ್, ಜಾಲೋರ್ ಕಡೆಯಿಂದ ಬಂದದ್ದಾಗಿದ್ದರೆ ಆಶ್ಚರ್ಯಪಡಬೇಕಿಲ್ಲ. ನವೆಂಬರಿನಲ್ಲಿ ಬಿತ್ತಿ ಸುಮಾರು ನಾಲ್ಕು ತಿಂಗಳಿಗೆ ಕೀಳುವ ಈ ಬೆಳೆ ಬಹಳ ಕೋಮಲ. ಹೂವಿನ ಕಾಲದಲ್ಲಿ ಮೋಡ ಕವಿದು ಹವೆ ತೇವವಾದರೆ ಅಂಗಮಾರಿ ರೋಗ ಹೊಲವನ್ನೇ ಸುಟ್ಟಂತೆ ಮಾಡಿಬಿಡುತ್ತದೆ. ಮಳೆಗಾಗಿ ಹಂಬಲಿಸುವ ನಾಡಿನ ರೈತ ಫೆಬ್ರವರಿಯ ಮೋಡವನ್ನು ಕಂಡು ನಡುಗುತ್ತಾನೆ! ನಾಗೌರಿನ ಪರಿಮಳದ ಮೆಂತ್ಯದೆಲೆ, ಇಸಬ್‌ಗೋಲ್, ಸೋನಾಮುಖಿ, ಎಲ್ಲವೂ ಈ ಸೀಮೆಯವೇ.

1958ರಲ್ಲಿ ಕಾಲುವೆಯೊಂದರ ಕೆಲಸ ಆರಂಭವಾಯಿತು. ಇಂದಿರಾ ಗಾಂಧಿ ಕಾಲುವೆಯೆಂದು ಈಗ ಹೆಸರಾದ ಅದು ಪಂಜಾಬಿನ ಹರಿಕೆಯಿಂದ ಜೈಸಲ್ಮೇರಿನ ಮರಳಿನವರೆಗೆ ನೀರು ತಂದಿತು. ಬರಡು ನೆಲ ಹಸುರಾಯಿತು. ಆದರೆ ಮಣ್ಣಿನಡಿ ಗಟ್ಟಿಪದರವಿದ್ದ ಕಡೆ ನೀರು ಇಂಗದೆ ಮೇಲೆದ್ದು ಹೊಲಗಳು ಜೌಗಾದವು, ಚೌಳಾದವು. ಬಾಡಮೇರಿನಲ್ಲಿ ಈಚಿನ ವರ್ಷಗಳಲ್ಲಿ ಕೊಳವೆಬಾವಿ ಮತ್ತು ಹನಿ ನೀರಾವರಿಯಿಂದ ದಾಳಿಂಬೆ ತೋಟಗಳು ಎದ್ದಿವೆ. ಹಣ್ಣು ಸೊಗಸಾಗಿದೆ, ರೈತನ ಕೈಯಲ್ಲಿ ಹಣವೂ ಆಡುತ್ತಿದೆ. ಆದರೆ ರಾಜಸ್ಥಾನದಲ್ಲಿ ಭೂಮಿಗೆ ಇಂಗುವುದಕ್ಕಿಂತ ಹೆಚ್ಚು ನೀರನ್ನು ಮೇಲೆತ್ತಲಾಗುತ್ತಿದೆ. ಆ ದಾಳಿಂಬೆಯ ಕೆಂಪಿನ ಹಿಂದೆ ಈ ಸಾಲವಿದೆ.

ಖೇಜಡಿಗೂ ಕಷ್ಟ ಬಂದಿದೆ. ಬೇರು ಕೊರೆಯುವ ಹುಳು, ಅದರ ಬೆನ್ನಿಗೆ ಶಿಲೀಂಧ್ರ, ಜೊತೆಗೆ ಬೇರು ಹರಿಯುವ ಟ್ರ್ಯಾಕ್ಟರು, ಇಳಿಯುತ್ತಿರುವ ಅಂತರ್ಜಲ. ಹಳೆಯ ಮರಗಳು ಅನೇಕ ಕಡೆ ನಿಂತಲ್ಲೇ ಒಣಗುತ್ತಿವೆ. ಬಿಕಾನೇರಿನ ಕೇಂದ್ರೀಯ ಶುಷ್ಕ ತೋಟಗಾರಿಕಾ ಸಂಸ್ಥೆಯವರು ‘ಥಾರ್ ಶೋಭಾ’ ಎಂಬ ಮುಳ್ಳಿಲ್ಲದ ಖೇಜಡಿಯನ್ನು ಆರಿಸಿ, ಕಸಿಕಟ್ಟಿ ಹಂಚುತ್ತಿದ್ದಾರೆ. ಮರ ಗಿಡ್ಡ, ನೆಲದಲ್ಲಿ ನಿಂತೇ ಕೋಡು ಕೊಯ್ಯಬಹುದು. ಮೇವಿಗೆಂದು ಚಳಿಗಾಲದಲ್ಲಿ ಸವರಿದ ಮರ ಆ ವರ್ಷ ಕೋಡು ಬಿಡದು. ಆದ್ದರಿಂದ ಹಸುವಿಗೊಂದು ಸಾಲು, ಮನುಷ್ಯರಿಗೊಂದು ಸಾಲು ಎಂದು ಬೇರೆಬೇರೆಯಾಗಿ ನೆಡಬೇಕಾಗುತ್ತದೆ.